ಅಕ್ಕನ ಗೀಟು, ತಂಗಿಯ ಸಹಿ

ಮೊದಲ ದಿನ: ಲಂಡನ್ನಿನಿಂದ ಕೀತ್ಲಿಗೆ

ಕಿಂಗ್ಸ್ ಕ್ರಾಸ್‌ನಲ್ಲಿ ರೈಲು ಹತ್ತಿ ಕೂತ ಮೇಲೆ ಅತ್ತೆ ಕೈಚೀಲದಿಂದ ಒಂದು ಕಾಗದ ತೆಗೆದು, ಮಡಿಕೆ ಬಿಡಿಸಿ, ಅಂಗೈಯಿಂದ ಸವರಿ ಮೇಜಿನ ಮೇಲಿಟ್ಟರು. 1911ರ ಜನಗಣತಿಯ ನಮೂನೆಯ ನಕಲು. ಐದು ದಿನದ ನಮ್ಮ ತಿರುಗಾಟಕ್ಕೆ ಕಾರಣ ಆ ಒಂದು ಹಾಳೆ.

ಅತ್ತೆ ಎಂದರೆ ನನ್ನ ಗಂಡನ ತಾಯಿ. ಯಾರ್ಕ್‌ಷೈರ್‌ನ ಮನೆತನ, ಈಗ ಎಪ್ಪತ್ತೆಂಟು ವಯಸ್ಸು. ಮದುವೆಯಾದ ಹೊಸದರಲ್ಲಿ ಇಲ್ಲಿಯವರ ಹಾಗೆ ಹೆಸರು ಹಿಡಿದು ಕರೆಯಲು ನನಗೆ ನಾಲಿಗೆ ಏಳುತ್ತಿರಲಿಲ್ಲ. ‘ನಿಮ್ಮ ಕಡೆ ಏನಂತ ಕರೀತೀರೋ ಹಾಗೇ ಕರಿ’ ಅಂದರು. ಅಂದಿನಿಂದ ಅವರು ನನಗೆ ಅತ್ತೆಯೇ. ಆ ಹಾಳೆಯಲ್ಲಿರುವ ಮುದುಕಿ ಅವರ ಮುತ್ತಜ್ಜನ ತಾಯಿ. ಯಾರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಅದೊಂದು ಮನೆಯೊಳಗೇ ಇರಲಿ ಎಂದು ಅತ್ತೆ ಕೇಳಿಕೊಂಡಿದ್ದಾರೆ.

ಇಂಗ್ಲೆಂಡಿನಲ್ಲಿ ಅದಕ್ಕೂ ಹಿಂದಿನ ಗಣತಿಗಳಲ್ಲಿ ಮನೆಯವರು ತುಂಬಿಕೊಟ್ಟ ಹಾಳೆಗಳನ್ನು ಗಣತಿಯವನು ತನ್ನ ಪುಸ್ತಕಕ್ಕೆ ನಕಲು ಮಾಡಿಕೊಳ್ಳುತ್ತಿದ್ದ. ಉಳಿದಿರುವುದು ಆ ಪುಸ್ತಕಗಳು, ಮೂಲ ಹಾಳೆಗಳನ್ನು ಕಾಪಿಟ್ಟಿಲ್ಲ. 1911ರಲ್ಲಿ ಮಾತ್ರ ಮೂಲ ಹಾಳೆಗಳನ್ನೇ ಉಳಿಸಿದರು. ಹಾಗಾಗಿ ಅದರಲ್ಲಿರುವುದು ಮನೆಯವರ ಕೈಬರಹ. ಆ ವರ್ಷ ಹೊಸದಾಗಿ ಇನ್ನೊಂದು ಪ್ರಶ್ನೆಯನ್ನೂ ಸೇರಿಸಿದ್ದರು: ಮದುವೆಯಾದ ಹೆಂಗಸರಿಗೆ ಈಗಿನ ಮದುವೆಯಾಗಿ ಎಷ್ಟು ವರ್ಷವಾಯಿತು, ಅದರಲ್ಲಿ ಹುಟ್ಟಿದ ಮಕ್ಕಳೆಷ್ಟು, ಬದುಕಿರುವವರೆಷ್ಟು, ತೀರಿಕೊಂಡವರೆಷ್ಟು. ಗಂಡ ಸತ್ತವರು ಇದಕ್ಕೆ ಉತ್ತರಿಸಬೇಕಾಗಿರಲಿಲ್ಲ. ನಮ್ಮ ಮುದುಕಿ, ಆಗ ಎಂಬತ್ತಮೂರು ವರ್ಷದ ವಿಧವೆ, ಉತ್ತರಿಸಿದ್ದಾಳೆ. ಕಚೇರಿಯ ಗುಮಾಸ್ತ ಆ ಅಂಕಿಗಳ ಮೇಲೆ ಗೀಟು ಎಳೆದಿದ್ದಾನೆ. ಆದರೂ ಅಂಕಿಗಳನ್ನು ಓದಬಹುದು. 57. 6. 4. 2.

ಐವತ್ತೇಳು ವರ್ಷ ಎಂದರೆ ಮದುವೆಯಾದದ್ದು 1854ರ ಸುಮಾರಿಗೆ. ಸರ್ಕಾರದ ಜನನ ಸೂಚಿಯಲ್ಲಿ ಗಂಡನ ಮನೆತನದ ಹೆಸರಿನ ಜೊತೆಗೆ ತಾಯಿಯ ತವರಿನ ಹೆಸರನ್ನೂ ಕೊಟ್ಟು ಹುಡುಕಬಹುದು. ಹುಡುಕಿದರೆ ಆರು ಮಕ್ಕಳೇನೋ ಸಿಗುತ್ತಾರೆ, ಆದರೆ ಮೊದಲನೆಯದು ಹುಟ್ಟಿದ್ದು 1846ರಲ್ಲಿ, ಎರಡನೆಯದು 1849ರಲ್ಲಿ. ‘ಮದುವೆಗೆ ಮೊದಲೇ ಎರಡು ಮಕ್ಕಳು,’ ಅತ್ತೆ ದನಿ ತಗ್ಗಿಸಿ ಹೇಳಿದರು. ‘ನಮ್ಮಮ್ಮ ಈ ಅಜ್ಜಿಯ ಮಾತು ಬಂದರೆ ಎದ್ದು ಒಲೆಯ ಹತ್ತಿರ ಹೋಗಿಬಿಡ್ತಿದ್ದರು. ಏನಾಗಿತ್ತು ಅಂತ ಯಾರೂ ಹೇಳಲೇ ಇಲ್ಲ.’ ಹೇಳುವಾಗ ಅವರು ನನ್ನ ಮುಖ ನೋಡದೆ ಕಿಟಕಿಯ ಕಡೆ ನೋಡುತ್ತಿದ್ದರು. ಯಾವಾಗಲೋ ಸತ್ತುಹೋದ ಒಬ್ಬ ಹೆಂಗಸಿನ ಮೇಲಿನ ಅಪವಾದ ಇಷ್ಟು ದೂರ ಹರಿದು ಬಂದು ಈ ಡಬ್ಬಿಯಲ್ಲಿ ನನ್ನೆದುರು ಕೂತಿತ್ತು.

ಲೀಡ್ಸ್‌ನಲ್ಲಿ ಗಾಡಿ ಬದಲಿಸಿ ಮಧ್ಯಾಹ್ನದ ಹೊತ್ತಿಗೆ ಕೀತ್ಲಿ ಸೇರಿದೆವು. ಊರಿನ ಹೆಸರಿನ ಇಂಗ್ಲಿಷ್ ಕಾಗುಣಿತ ನೋಡಿ ನಾನು ‘ಕೀಗ್ಲಿ’ ಅಂದಿದ್ದೆ, ಅತ್ತೆ ತಿದ್ದಿದರು. ಅಲ್ಲಿನ ಗ್ರಂಥಾಲಯ 1904ರಲ್ಲಿ ತೆರೆದದ್ದು, ಅಮೆರಿಕದ ಉಕ್ಕಿನ ಉದ್ಯಮಿ ಆಂಡ್ರೂ ಕಾರ್ನೆಗಿಯ ಹಣದಿಂದ ಇಂಗ್ಲೆಂಡಿನಲ್ಲಿ ಕಟ್ಟಿದ ಮೊದಲ ಗ್ರಂಥಾಲಯ. ಅಲ್ಲಿ ಕೂತು ಗಣತಿಗಳನ್ನು ಹಿಂದಿನಿಂದ ಮುಂದಕ್ಕಲ್ಲ, ಮುಂದಿನಿಂದ ಹಿಂದಕ್ಕೆ ಹಿಡಿದೆವು. ವಂಶ ಹುಡುಕುವವರೆಲ್ಲ ಹೋಗಬೇಕಾದದ್ದು ಹಾಗೆಯೇ, ಗೊತ್ತಿರುವುದರಿಂದ ಗೊತ್ತಿಲ್ಲದ್ದಕ್ಕೆ.

1861ರಲ್ಲಿ ಅವರ ಮನೆ ಬ್ರಾಡ್‌ಫರ್ಡ್‌ನಲ್ಲಿ. ಗಂಡ, ಹೆಂಡತಿ, ಮಕ್ಕಳು. ಹೆಂಡತಿಗೆ ಮೂವತ್ತಮೂರು. ಹುಟ್ಟಿದ ಊರು ಹಾವರ್ತ್. ಇಲ್ಲಿಯವರೆಗೆ ಸರಿ. 1851ರಲ್ಲಿ ಈ ಸಂಸಾರ ಸಿಗಲು ಒಂದು ಗಂಟೆ ಹಿಡಿಯಿತು, ಸೂಚಿ ಮಾಡಿದವರು ಮನೆತನದ ಹೆಸರನ್ನು ತಪ್ಪಾಗಿ ಓದಿದ್ದರು. ಕೊನೆಗೆ ಹೆಸರು ಬಿಟ್ಟು ಊರು, ಕಸುಬು, ಮಗುವಿನ ವಯಸ್ಸು ಹಿಡಿದು ಹುಡುಕಿದಾಗ ಹಾವರ್ತ್‌ನಲ್ಲಿ ಸಿಕ್ಕರು. ಗಂಡ ಉಣ್ಣೆ ಬಾಚುವವನು. ಎರಡು ಮಕ್ಕಳು, ನಾಲ್ಕು ವರ್ಷದ್ದು ಮತ್ತು ಒಂದು ವರ್ಷದ್ದು. ಹೆಂಡತಿಗೆ ಇಪ್ಪತ್ತೇಳು.

ಇಪ್ಪತ್ತೇಳು ಹತ್ತು ವರ್ಷದಲ್ಲಿ ಮೂವತ್ತಮೂರು ಹೇಗಾಗುತ್ತದೆ? ನಾನು ವಯಸ್ಸು ನೋಡುತ್ತಿದ್ದೆ, ಅತ್ತೆ ಹೆಸರು ನೋಡುತ್ತಿದ್ದರು. ‘ಇವಳು ಅವಳಲ್ಲ’ ಅಂದರು. ಅವರ ಬೆರಳು ಕೆಳಗಿಳಿದು ಆ ಮನೆಯ ಕೊನೆಯ ಸಾಲಿಗೆ ಬಂದು ನಿಂತಿತು. ಅಲ್ಲಿದ್ದಳು ನಮ್ಮ ಮುದುಕಿ. ವಯಸ್ಸು ಇಪ್ಪತ್ತಮೂರು, ಮದುವೆಯಾಗಿಲ್ಲ, ಮಗ್ಗದ ಕೆಲಸ, ಯಜಮಾನನಿಗೆ ನಾದಿನಿ.

ಹೆಂಡತಿಯ ತವರಿನ ಹೆಸರನ್ನು ಗಣತಿ ಕೇಳುವುದಿಲ್ಲ. ಮದುವೆಯಾಗದ ತಂಗಿಯೊಬ್ಬಳು ಮನೆಯಲ್ಲಿದ್ದರೆ ಅವಳ ಹೆಸರಿನಲ್ಲೇ ಅದು ಸಿಕ್ಕಿಬಿಡುತ್ತದೆ. ಅಕ್ಕತಂಗಿಯರಿಗೆ ತವರು ಒಂದೇ, ಸೂಚಿಯಲ್ಲಿ ಇರುವುದು ತವರಿನ ಹೆಸರು ಮಾತ್ರ, ತಾಯಿಯ ಸ್ವಂತ ಹೆಸರಲ್ಲ. ಅದಕ್ಕೇ ಆರೂ ಮಕ್ಕಳು ಒಬ್ಬಳವೇ ಎಂಬಂತೆ ಸಾಲಾಗಿ ಕಾಣುತ್ತಿದ್ದರು.

ಆದರೂ ನಂಬಲು ಭಯ. ಆ ಕಾಲದ ಇಂಗ್ಲಿಷ್‌ನಲ್ಲಿ ನಾದಿನಿ, ಅತ್ತೆ ಎಂಬ ಸಂಬಂಧದ ಮಾತುಗಳನ್ನೇ ಮಲತಂಗಿ, ಮಲತಾಯಿಗೂ ಬಳಸುತ್ತಿದ್ದರು. ಇಬ್ಬರ ತಂದೆಯೂ ಒಬ್ಬನೇ ಎಂಬುದು ಖಚಿತವಾಗಬೇಕು. 1841ರ ಗಣತಿಯಲ್ಲಿ ಇಬ್ಬರೂ ಒಂದೇ ಮನೆಯಲ್ಲಿ ಸಿಕ್ಕರು, ಆದರೆ ಆ ವರ್ಷ ಯಾರು ಯಾರಿಗೆ ಏನಾಗಬೇಕು ಎಂದು ಬರೆಸಿಕೊಳ್ಳಲೇ ಇಲ್ಲ. ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಿರಿ ಎಂದು ಗಣತಿಯವರಿಗೆ ಸೂಚನೆ ಇತ್ತು. ಹದಿನೇಳರ ಅಕ್ಕ ಅಲ್ಲಿ ಹದಿನೈದು ಆಗಿದ್ದಾಳೆ, ಹದಿಮೂರರ ತಂಗಿ ಹದಿಮೂರೇ. ಎರಡೇ ವರ್ಷದ ಅಂತರದವರಂತೆ ಅಕ್ಕಪಕ್ಕ ನಿಂತಿದ್ದಾರೆ.

ಎರಡನೇ ದಿನ: ವೇಕ್‌ಫೀಲ್ಡ್

ಪಶ್ಚಿಮ ಯಾರ್ಕ್‌ಷೈರ್‌ನ ದಾಖಲೆಗಳ ಭಂಡಾರ ಇರುವುದು ವೇಕ್‌ಫೀಲ್ಡ್‌ನ ಕರ್ಕ್‌ಗೇಟ್ ಬೀದಿಯಲ್ಲಿ. ಒಳಗೆ ಪೆನ್ನು ಒಯ್ಯುವಂತಿಲ್ಲ, ಪೆನ್ಸಿಲ್ ಮಾತ್ರ.

ಕೇಂದ್ರದ ನೋಂದಣಿ ಕಚೇರಿಗೆ ಬರೆದರೆ ಮದುವೆಯ ಪ್ರಮಾಣಪತ್ರ ಮನೆಗೇ ಬರುತ್ತದಲ್ಲ, ಇಷ್ಟು ದೂರ ಯಾಕೆ ಎಂದು ನನ್ನ ಗಂಡ ಕೇಳಿದ್ದರು. ಕಾರಣ ಇದೆ. 1837ರ ಜುಲೈ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರಿ ನೋಂದಣಿ ಶುರುವಾಯಿತು. ಚರ್ಚ್‌ನಲ್ಲಿ ನಡೆದ ಮದುವೆಗಳನ್ನು ಪಾದ್ರಿ ಮೂರು ತಿಂಗಳಿಗೊಮ್ಮೆ ನಕಲು ಮಾಡಿ ಕಳಿಸುತ್ತಿದ್ದ. ಕೇಂದ್ರದಲ್ಲಿರುವುದು ಆ ನಕಲು. ಮದುಮಗಳು ತಾನೇ ಹಿಡಿದ ಲೇಖನಿಯ ಗುರುತು ಇರುವುದು ಚರ್ಚ್‌ನ ಮೂಲ ಪುಸ್ತಕದಲ್ಲಿ ಮಾತ್ರ. ನಮಗೆ ಆ ಗುರುತು ಬೇಕಿತ್ತು.

ಹಾವರ್ತ್‌ನ ಪುಸ್ತಕದಲ್ಲಿ ಅಕ್ಕನ ಮದುವೆ ಇಲ್ಲ. ಹಾವರ್ತ್ ಆಗ ಬ್ರಾಡ್‌ಫರ್ಡ್‌ನ ದೊಡ್ಡ ಚರ್ಚಿಗೆ ಸೇರಿದ ಒಂದು ಶಾಖೆ. ಅಲ್ಲಿನ ಜನ ಮೈಲುಗಟ್ಟಲೆ ನಡೆದು ಹೋಗಿ ತಾಯಿ ಚರ್ಚ್‌ನಲ್ಲಿ ಮದುವೆಯಾಗುವುದು ಅಪರೂಪವಲ್ಲ ಎಂದು ಮೇಜಿನ ಹಿಂದಿದ್ದ ಹೆಣ್ಣುಮಗಳು ಹೇಳಿದರು. ಬ್ರಾಡ್‌ಫರ್ಡ್‌ನ ಪುಸ್ತಕ ಹಿಡಿದೆವು. ಪುಟಕ್ಕೆ ಎರಡೇ ಮದುವೆ. 1845ರ ನವೆಂಬರ್‌ಗೆ ಬಂದಾಗ ಅತ್ತೆ ‘ನಿಲ್ಲು, ನಿಲ್ಲು’ ಅಂದರು.

ಮದುಮಗಳ ತಂದೆ, ಉಣ್ಣೆ ಬಾಚುವವನು, ಹೆಸರು ಸಹಿತ ಇದ್ದಾನೆ. ತಾಯಿ ಇಲ್ಲ. ತಾಯಂದಿರ ಹೆಸರಿಗೆ ಇಂಗ್ಲೆಂಡಿನ ಮದುವೆಯ ದಾಖಲೆಯಲ್ಲಿ ಜಾಗ ಸಿಕ್ಕಿದ್ದು 2021ರ ಮೇ ತಿಂಗಳಲ್ಲಿ! ನಾನು ಅದನ್ನು ಹೇಳಿದಾಗ ಅತ್ತೆ ನಂಬಲಿಲ್ಲ, ಆಮೇಲೆ ತಮ್ಮ ಮದುವೆಯ ಕಾಗದ ನೆನಪಿಸಿಕೊಂಡು ಸುಮ್ಮನಾದರು.

ಸಹಿಯ ಜಾಗದಲ್ಲಿ ಗಂಡ ಹೆಸರು ಬರೆದಿದ್ದಾನೆ. ಅಕ್ಕ ಒಂದು ಗೀಟಿನ ಮೇಲೆ ಇನ್ನೊಂದು ಗೀಟು ಎಳೆದಿದ್ದಾಳೆ. ಒಂದು ಗೀಟು ಒತ್ತಿ ಬಂದಿದೆ, ಇನ್ನೊಂದು ಅರ್ಧಕ್ಕೇ ಶಾಯಿ ಆರಿ ಸಣ್ಣದಾಗಿದೆ. ಪಕ್ಕದಲ್ಲಿ ಪಾದ್ರಿಯ ಕೈಯಲ್ಲಿ ‘ಇವಳ ಗುರುತು’. ಅದರ ಕೆಳಗೆ ಸಾಕ್ಷಿಯ ಸಾಲು, ಅಲ್ಲಿ ತಂಗಿ! ಹದಿನೇಳು ವರ್ಷದ ಹುಡುಗಿ ತನ್ನ ಪೂರ್ತಿ ಹೆಸರನ್ನು ಬರೆದಿದ್ದಾಳೆ. ಮೊದಲ ಅಕ್ಷರ ‘ಎಚ್’. ಅದರ ಎಡಗಾಲಿನ ತುದಿ ಒಳಗೆ ಬಾಗಿ ಕೊಕ್ಕೆಯಾಗಿದೆ, ನಡುವಿನ ಅಡ್ಡಗೆರೆ ಬಲಗಾಲನ್ನೂ ದಾಟಿ ಮುಂದಿನ ಅಕ್ಷರದ ತಲೆಯ ಮೇಲೆ ಹೋಗಿದೆ. ಅಕ್ಷರ ಕಲಿತದ್ದು ಎಲ್ಲೋ ಏನೋ. ಗಿರಣಿಗೆ ಹೋಗುವ ಒಂಬತ್ತರಿಂದ ಹದಿಮೂರು ವರ್ಷದ ಮಕ್ಕಳಿಗೆ ದಿನಕ್ಕೆ ಎರಡು ಗಂಟೆ ಪಾಠ ಕಡ್ಡಾಯ ಎಂದು 1833ರ ಕಾರ್ಖಾನೆ ಕಾಯ್ದೆ ಹೇಳಿತ್ತು. ಅದು ಜಾರಿಗೆ ಬರುವಾಗ ತಂಗಿ ಪುಟ್ಟ ಹುಡುಗಿ, ಅಕ್ಕನಿಗೆ ಆ ವಯಸ್ಸು ಮೀರುತ್ತಿತ್ತು. ಆ ನಾಲ್ಕು ವರ್ಷದ ಅಂತರವೇ ಗೀಟಿಗೂ ಸಹಿಗೂ ನಡುವೆ ನಿಂತಿದೆ ಎಂದು ನನಗೆ ಅನ್ನಿಸುತ್ತದೆ.

ಊಟದ ನಂತರ ಹಾವರ್ತ್‌ನ ಸಮಾಧಿ ಪುಸ್ತಕ. 1813ರಿಂದ ಎಲ್ಲ ಚರ್ಚ್‌ಗಳಿಗೂ ಅಚ್ಚು ಹಾಕಿದ ಒಂದೇ ನಮೂನೆ, ಪುಟಕ್ಕೆ ಎಂಟು ಜನ. ಹೆಸರು, ಇದ್ದ ಜಾಗ, ಹೂಳಿದ ದಿನ, ವಯಸ್ಸು, ವಿಧಿ ನಡೆಸಿದವರು. ಯಾರ ಹೆಂಡತಿ, ಯಾರ ಮಗು, ಏನಾಗಿತ್ತು, ಒಂದೂ ಇಲ್ಲ. 1852ರ ಫೆಬ್ರವರಿಯಲ್ಲಿ ಅಕ್ಕ ಸಿಕ್ಕಳು. ಇಪ್ಪತ್ತೆಂಟು ವರ್ಷ. ಪುಟ ಮುಗಿಯಿತೆಂದು ನಾನು ಮುಂದಿನದಕ್ಕೆ ಹೋಗಬೇಕು, ಅತ್ತೆ ನನ್ನ ಮಣಿಕಟ್ಟು ಹಿಡಿದರು. ಐದು ಸಾಲು ಕೆಳಗೆ ಅದೇ ಮನೆತನ, ಅದೇ ಜಾಗ, ವಯಸ್ಸು ಎರಡು. ತಾಯಿ ಮಣ್ಣಾದ ಹನ್ನೆರಡನೇ ದಿನ. 1849ರಲ್ಲಿ ಹುಟ್ಟಿದ ಮಗು ಮುಂದೆ 1861ರ ಗಣತಿಯಲ್ಲಿ ಯಾಕೆ ಇರಲಿಲ್ಲ ಎಂಬುದಕ್ಕೆ ಉತ್ತರ ಅದು. ಎರಡು ಸಾಲಿಗೂ ಕೊನೆಯ ಕಲಮಿನಲ್ಲಿ ಒಂದೇ ಸಹಿ, ಎ. ಬಿ. ನಿಕೋಲ್ಸ್, ಅಲ್ಲಿನ ಸಹಾಯಕ ಪಾದ್ರಿ.

ಮಧ್ಯಾಹ್ನದ ಮೇಲೆ ನಾವಿಬ್ಬರೂ ಹೆಚ್ಚು ಮಾತಾಡಲಿಲ್ಲ.

ಮೂರನೇ ದಿನ: ಹಾವರ್ತ್

ಬಸ್ಸಿಳಿದು ಕಲ್ಲು ಹಾಸಿದ ಏರುಬೀದಿಯನ್ನು ಅತ್ತೆ ನಿಂತು ನಿಂತು ಹತ್ತಿದರು. ಇಲ್ಲಿಗೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಬರುವುದು ಪಾದ್ರಿ ಪ್ಯಾಟ್ರಿಕ್ ಬ್ರಾಂಟೆಯ ಮನೆ ನೋಡಲು, ಕಾದಂಬರಿ ಬರೆದ ಅವನ ಹೆಣ್ಣುಮಕ್ಕಳಿಗಾಗಿ. ನಾವು ಹೋದದ್ದು ಆ ಮನೆಗೂ ಚರ್ಚಿಗೂ ನಡುವಿನ ಸ್ಮಶಾನಕ್ಕೆ.

ಅಂಥ ಸ್ಮಶಾನವನ್ನು ನಾನು ಬೇರೆಲ್ಲೂ ಕಂಡಿಲ್ಲ. ಮಲಗಿಸಿದ ಚಪ್ಪಡಿಗಳು ಒಂದಕ್ಕೊಂದು ತಾಗಿಕೊಂಡಿವೆ, ಹಲವು ಕಡೆ ಅವುಗಳ ಮಧ್ಯೆ ಕಾಲಿಡಲೂ ಮಣ್ಣಿಲ್ಲ. ಊರಿನ ನೀರು ಕೆಟ್ಟಿದೆ, ಜನ ಸಾಯುತ್ತಿದ್ದಾರೆ ಎಂದು ಪಾದ್ರಿ ಬ್ರಾಂಟೆ ಮುಂದೆ ನಿಂತು ಸರ್ಕಾರಕ್ಕೆ ಮನವಿ ಕಳಿಸಿದ. ಪರೀಕ್ಷೆಗೆ ಬಂದ ಬೆಂಜಮಿನ್ ಹರ್ಷೆಲ್ ಬ್ಯಾಬೇಜ್ (ಲೆಕ್ಕದ ಯಂತ್ರದ ಚಾರ್ಲ್ಸ್ ಬ್ಯಾಬೇಜ್‌ನ ಮಗ) 1850ರಲ್ಲಿ ವರದಿ ಕೊಟ್ಟ. ಹುಟ್ಟಿದ ಮಕ್ಕಳಲ್ಲಿ ನೂರಕ್ಕೆ 41.6ರಷ್ಟು ಆರು ವರ್ಷ ತುಂಬುವ ಮೊದಲೇ ಸಾಯುತ್ತಿದ್ದರು. ಸಾಯುವವರ ಸರಾಸರಿ ವಯಸ್ಸು 25.8. ಈ ಚಪ್ಪಡಿಗಳನ್ನೂ ಅವನು ಆಕ್ಷೇಪಿಸಿದ್ದ, ಗೋರಿಯ ಮೇಲೆ ಕಲ್ಲು ಮುಚ್ಚಿದರೆ ಹುಲ್ಲು ಗಿಡ ಬೆಳೆಯಲು ಜಾಗ ಎಲ್ಲಿ ಎಂದು.

ಉಣ್ಣೆ ಬಾಚುವವರ ಬಾಳು ಅದಕ್ಕಿಂತ ಕಷ್ಟದ್ದು. ಅದು ಮನೆಯಲ್ಲೇ ಮಾಡುವ ಕೆಲಸ. ಕಬ್ಬಿಣದ ಹಲ್ಲಿನ ಬಾಚಣಿಗೆಗಳನ್ನು ಸದಾ ಬಿಸಿಯಾಗಿಡಬೇಕು, ಅದಕ್ಕೆ ಕೋಣೆಯಲ್ಲಿ ಹಗಲೂ ರಾತ್ರಿ ಒಲೆ ಉರಿಯಬೇಕು, ಕಿಟಕಿ ತೆರೆಯುವಂತಿಲ್ಲ. ಅದೇ ಕೋಣೆಯಲ್ಲಿ ಹೊಗೆ, ಎಣ್ಣೆ, ಉಣ್ಣೆಯ ಧೂಳು, ಅದೇ ಕೋಣೆಯಲ್ಲಿ ತೊಟ್ಟಿಲು.

ಅಕ್ಕನ ಕಲ್ಲು ಸಿಗಲಿಲ್ಲ. ಸಿಗುತ್ತದೆಂದು ನಾನು ನಿರೀಕ್ಷಿಸಿಯೂ ಇರಲಿಲ್ಲ, ಉಣ್ಣೆ ಬಾಚುವವನ ಹೆಂಡತಿಗೆ ಕಲ್ಲು ಕೆತ್ತಿಸುವ ದುಡ್ಡು ಎಲ್ಲಿಂದ ಬರಬೇಕು? ಅತ್ತೆ ಮಾತ್ರ ಸಾಲು ಸಾಲು ಬಗ್ಗಿ ಓದಿದರು. ಒಂದೇ ಕಲ್ಲಿನಲ್ಲಿ ಐದು ಮಕ್ಕಳ ಹೆಸರು ಓದಿ ಕೈಯಲ್ಲಿದ್ದ ಹಸಿರು ಪಾಚಿಯನ್ನು ಕರವಸ್ತ್ರಕ್ಕೆ ಒರೆಸಿಕೊಂಡು ಮುಂದಿನ ಕಲ್ಲಿಗೆ ಹೋದರು. ಮಳೆ ಹನಿಯಲು ಶುರುವಾದ ಮೇಲೆ ಒಳಗೆ ಬಂದೆವು. ಈಗಿನ ಚರ್ಚ್ 1879ರಿಂದ 1881ರ ನಡುವೆ ಮತ್ತೆ ಕಟ್ಟಿದ್ದು, ಗೋಪುರ ಮಾತ್ರ ಹಳೆಯದು.

ಒಳಗೆ ಹೂ ಜೋಡಿಸುತ್ತಿದ್ದ ವಯಸ್ಸಾದವರೊಬ್ಬರು ನಮ್ಮ ಕಥೆ ಕೇಳಿ ಕಪಾಟಿನಿಂದ ಹಳೆಯ ಪ್ರಾರ್ಥನಾ ಪುಸ್ತಕ ತಂದು ಅದರ ಕೊನೆಯ ಪುಟ ತೆರೆದರು. ಗಂಡಸು ಯಾರ್‍ಯಾರನ್ನು ಮದುವೆಯಾಗಕೂಡದು ಎಂಬ ಪಟ್ಟಿ. ಅಜ್ಜಿಯಿಂದ ಶುರುವಾಗುತ್ತದೆ. ಅದರಲ್ಲಿ ‘ಹೆಂಡತಿಯ ಸೋದರಿ’ಯೂ ಇದ್ದಾಳೆ. ‘ಹೆಂಡತಿ ಸತ್ತಿದ್ದರೂ?’ ಎಂದೆ. ‘ಸತ್ತಿದ್ದರೂ. ಮದುವೆಯಾದರೆ ಗಂಡ ಹೆಂಡತಿ ಒಂದೇ ದೇಹ. ಅವಳ ತಂಗಿ ಇವನಿಗೂ ತಂಗಿಯೇ’ ಅಂದರು.

ನಾನು ಬೆಂಚಿನ ಮೇಲೆ ಕೂತುಬಿಟ್ಟೆ. ನನ್ನ ತಾಯಿಯ ತಾಯಿಯನ್ನು ಕೊಟ್ಟದ್ದು ಅವರ ಭಾವನಿಗೇ. ಅಕ್ಕ ಬಾಣಂತನದಲ್ಲಿ ಹೋದಳು, ಕೂಸನ್ನು ಹೊರಗಿನವಳ ಕೈಗೆ ಯಾಕೆ ಕೊಡಬೇಕು ಎಂದು ಹಿರಿಯರು ಕೂತು ಮಾತಾಡಿದರು, ಹದಿನಾರು ವರ್ಷದ ತಂಗಿಗೆ ತಾಳಿ ಕಟ್ಟಿಸಿದರು. ಇದನ್ನು ನಮ್ಮ ಮನೆಯಲ್ಲಿ ಯಾರೂ ದನಿ ತಗ್ಗಿಸಿ ಹೇಳಿದ್ದಿಲ್ಲ. ನಿನಗೆ ಒಪ್ಪಿಗೆಯಾ ಎಂದು ಅಜ್ಜಿಯನ್ನು ಯಾರೂ ಕೇಳಿದ್ದೂ ಇಲ್ಲ. ಅತ್ತೆಗೆ ಇದನ್ನು ಇಷ್ಟು ವರ್ಷದಲ್ಲಿ ಹೇಳಿರಲಿಲ್ಲ, ಹೇಳುವಂಥದ್ದು ಎಂದೇ ಅನ್ನಿಸಿರಲಿಲ್ಲ. ಅಂದು ಹೇಳಿದೆ. ಮಳೆ ನಿಲ್ಲುವವರೆಗೂ ಅವರು ಕೇಳುತ್ತಲೇ ಇದ್ದರು. ‘ನಿಮ್ಮಜ್ಜಿಗೆ ಬರೆಯೋಕೆ ಬರ್ತಿತ್ತಾ?’ ಎಂದು ಒಂದೇ ಪ್ರಶ್ನೆ ಕೇಳಿದರು. ಬರುತ್ತಿರಲಿಲ್ಲ.

ನಾಲ್ಕನೇ ದಿನ: ಮ್ಯಾಂಚೆಸ್ಟರ್

ಇಬ್ಬರೂ ಹಾವರ್ತ್‌ನವರು, ಆಮೇಲೆ ಇದ್ದದ್ದು ಬ್ರಾಡ್‌ಫರ್ಡ್‌ನಲ್ಲಿ. ಮದುವೆಯ ಸೂಚಿಯಲ್ಲಿ 1854ರ ಮೊದಲ ಮೂರು ತಿಂಗಳಲ್ಲಿ ಇಬ್ಬರ ಹೆಸರೂ ಸೇರಿ ಸಿಕ್ಕಿದ್ದು ಮ್ಯಾಂಚೆಸ್ಟರ್‌ನಲ್ಲಿ. ಬೆಟ್ಟದ ಆಚೆ ಬದಿ, ಬೇರೆ ಜಿಲ್ಲೆ.

ಯಾಕೆ ಎಂಬುದು ಆ ಹೊತ್ತಿಗೆ ನಮಗೆ ಗೊತ್ತಾಗಿತ್ತು. 1835ಕ್ಕೆ ಮೊದಲು ಇಂಥ ಮದುವೆಯನ್ನು ಯಾರಾದರೂ ಧರ್ಮನ್ಯಾಯಾಲಯಕ್ಕೆ ಹೋಗಿ, ಅದೂ ಗಂಡ ಹೆಂಡತಿ ಇಬ್ಬರೂ ಬದುಕಿರುವಾಗ, ರದ್ದು ಮಾಡಿಸಬೇಕಿತ್ತು. ಯಾರೂ ಹೋಗದಿದ್ದರೆ ಮದುವೆ ನಿಲ್ಲುತ್ತಿತ್ತು. ಆ ವರ್ಷದ ಆಗಸ್ಟ್ 31ರ ನಂತರ ಆದವೆಲ್ಲ ಮೊದಲಿನಿಂದಲೇ ಅಸಿಂಧು ಎಂದು ಲಾರ್ಡ್ ಲಿಂಡ್‌ಹರ್ಸ್ಟ್‌ನ ಕಾಯ್ದೆ ಹೇಳಿತು. ಮಕ್ಕಳೂ ಕಾನೂನಿನ ಕಣ್ಣಿಗೆ ಅಕ್ರಮ. ಬಡವರ ಮನೆಯಲ್ಲಿ ತಾಯಿ ಸತ್ತ ಮಕ್ಕಳನ್ನು ನೋಡಿಕೊಳ್ಳಲು ಬರುವವಳು ಚಿಕ್ಕಮ್ಮ ತಾನೇ. ಮನೆಯಲ್ಲಿ ಇದ್ದರೆ ಊರು ಆಡಿಕೊಳ್ಳುತ್ತದೆ, ಮದುವೆಯಾದರೆ ಕಾನೂನು ಒಪ್ಪುವುದಿಲ್ಲ. ಚರ್ಚ್‌ನಲ್ಲಿ ಮೂರು ಭಾನುವಾರ ಹೆಸರು ಕೂಗುತ್ತಾರೆ, ಗುರುತಿನವರಿದ್ದರೆ ಎದ್ದು ತಕರಾರು ಮಾಡುತ್ತಾರೆ. ಅದಕ್ಕೇ ಇಂಥವರು ಯಾರಿಗೆ ಯಾರೂ ಗೊತ್ತಿಲ್ಲದ ದೊಡ್ಡ ಪಟ್ಟಣ ಹುಡುಕಿಕೊಂಡು ಹೋಗುತ್ತಿದ್ದರು.

ಸೇಂಟ್ ಪೀಟರ್ಸ್ ಚೌಕದ ದುಂಡನೆಯ ಕೇಂದ್ರ ಗ್ರಂಥಾಲಯದಲ್ಲಿ ಕತೀಡ್ರಲ್‌ನ ಮದುವೆ ಪುಸ್ತಕದ ಫಿಲ್ಮ್ ನೋಡಿದೆವು. ಪುಟದ ಹಿಂದೆ ಪುಟ, ಒಂದೇ ದಿನಕ್ಕೆ ಎಷ್ಟೋ ಜೋಡಿಗಳು. ಅವನು ವಿಧುರ, ಅವಳು ಅವಿವಾಹಿತೆ. ವಿಳಾಸ ಇಬ್ಬರದೂ ಒಂದೇ ಬೀದಿ. ಆ ಬೀದಿಯಲ್ಲಿ ಅವರು ಇದ್ದರೋ, ಹೆಸರು ಕೂಗಿಸಲು ಬೇಕಾದಷ್ಟು ದಿನ ಒಂದು ಪೆಟ್ಟಿಗೆ ಇಟ್ಟಿದ್ದರೋ! ಅವಳ ತಂದೆಯ ಹೆಸರಿನ ಕಡೆ ನನ್ನ ಕಣ್ಣು ಮೊದಲು ಹೋಯಿತು. ಅದೇ ಹೆಸರು, ಉಣ್ಣೆ ಬಾಚುವವನು. ಅಪ್ಪನ ಹೆಸರನ್ನು ಅವಳು ಸುಳ್ಳು ಹೇಳಿರಲಿಲ್ಲ.

ಅತ್ತೆ ಸಹಿ ನೋಡುತ್ತಿದ್ದರು. ವೇಕ್‌ಫೀಲ್ಡ್‌ನಲ್ಲಿ ಮಾಡಿಸಿದ ಪ್ರತಿಯನ್ನು ಪರದೆಯ ಪಕ್ಕಕ್ಕೆ ಹಿಡಿದರು. ಎಡಗಾಲಿನಲ್ಲಿ ಒಳಗೆ ಬಾಗಿದ ಕೊಕ್ಕೆ, ಬಲಗಾಲು ದಾಟಿ ಹೋದ ಅಡ್ಡಗೆರೆ. ಎಂಟು ವರ್ಷದಲ್ಲಿ ಅಕ್ಷರ ಸ್ವಲ್ಪ ಚಿಕ್ಕದಾಗಿದೆ, ಅಷ್ಟೆ. ‘ಇವಳೇ,’ ಅಂದರು. ‘ಮದುವೆಗೆ ಮೊದಲು ಇವಳಿಗೆ ಮಕ್ಕಳೇ ಇರಲಿಲ್ಲ.’

ಸಾಕ್ಷಿಗಳು ಯಾರು ಎಂದು ನೋಡಿದೆ. ಮೊದಲ ಹೆಸರು ಹಿಂದಿನ ಪುಟದಲ್ಲೂ ಇತ್ತು, ಮುಂದಿನ ಪುಟದಲ್ಲೂ ಇತ್ತು, ಅದರ ಮುಂದಿನದರಲ್ಲೂ. ಚರ್ಚ್‌ನ ಕೆಲಸದವನಿರಬೇಕು, ಬಂದ ಜೋಡಿಗಳಿಗೆಲ್ಲ ಸಹಿ ಹಾಕುವವನು. ಎರಡನೆಯದೂ ಹಾಗೆಯೇ. ಅಕ್ಕನ ಮದುವೆಗೆ ತಂಗಿ ಸಾಕ್ಷಿ ನಿಂತಿದ್ದಳು. ತಂಗಿಯ ಮದುವೆಗೆ ನಿಲ್ಲಲು ಮನೆಯವರು ಯಾರೂ ಬಂದಿರಲಿಲ್ಲ.

ಐದನೇ ದಿನ: ಹಿಂದಿರುಗುವ ರೈಲು

ಮ್ಯಾಂಚೆಸ್ಟರ್‌ನಿಂದ ಹೊರಟ ಗಾಡಿಯಲ್ಲಿ ಎದುರುಬದುರು ಸೀಟು ಸಿಕ್ಕಿತು. ಅತ್ತೆ ಮೂರು ಹಾಳೆಗಳನ್ನು ಸಾಲಾಗಿ ಇಟ್ಟರು. 1845, 1854, 1911.

ಮೃತ ಪತ್ನಿಯ ಸೋದರಿಯನ್ನು ಮದುವೆಯಾಗಬಹುದು ಎಂದು ಪಾರ್ಲಿಮೆಂಟು ಒಪ್ಪಿದ್ದು 1907ರಲ್ಲಿ, ದಶಕಗಟ್ಟಲೆ ಮತ್ತೆ ಮತ್ತೆ ಮಸೂದೆ ಬಿದ್ದ ಮೇಲೆ. ಹಿಂದೆ ಆದ ಮದುವೆಗಳಿಗೂ ಅದು ಅನ್ವಯಿಸಿತು. ಆಗ ಅವಳಿಗೆ ಎಪ್ಪತ್ತೊಂಬತ್ತು, ಗಂಡ ತೀರಿಹೋಗಿದ್ದ. ನಾಲ್ಕು ವರ್ಷದ ನಂತರ ಗಣತಿಯ ಹಾಳೆ ಬಂತು. ವಿಧವೆಯರನ್ನು ಕೇಳದ ಪ್ರಶ್ನೆಗೆ ಅವಳು 57 ಎಂದು ಬರೆದಳು. ಅಷ್ಟು ಮಟ್ಟಿಗೆ ನನಗೆ ಹೊಳೆದಿತ್ತು, ಅತ್ತೆಗೂ ಅದನ್ನೇ ಹೇಳುತ್ತಿದ್ದೆ.

ಅವರು ಕೇಳುತ್ತಿರಲಿಲ್ಲ. ಬೆರಳು ಮಡಿಸುತ್ತಿದ್ದರು. 1855, 1857, 1859, 1864. ನಾಲ್ಕು ಬೆರಳು. 1859ರ ಮಗು ವರ್ಷ ತುಂಬುವ ಮೊದಲೇ ಹೋಗಿತ್ತು.

‘ಈ ಮದುವೆಯಲ್ಲಿ ಹುಟ್ಟಿದ್ದು ಎಷ್ಟು ಅಂತ ತಾನೇ ಕೇಳಿದ್ದು?’

‘ಹೌದು ಅತ್ತೆ.’

‘ಇವಳು ಹೆತ್ತದ್ದು ನಾಲ್ಕು. ಸತ್ತದ್ದು ಒಂದು.’

ಗುಮಾಸ್ತನ ಗೀಟಿನ ಕೆಳಗೆ 6 ಇತ್ತು. ಪಕ್ಕದಲ್ಲಿ 4. ಅದರ ಪಕ್ಕದಲ್ಲಿ 2. ಹಾಳೆಯ ಬುಡದಲ್ಲಿ ನಡುಗುವ ಕೈಯಲ್ಲಿ ಅವಳ ಸಹಿ, ಅಡ್ಡಗೆರೆ ಈಗಲೂ ಬಲಗಾಲನ್ನು ದಾಟಿ ಹೋಗಿತ್ತು.

‘ಹನ್ನೆರಡು ದಿನ ಬಿಟ್ಟು ಹೋದ ಆ ಕೂಸನ್ನೂ ಸೇರಿಸಿದ್ದಾಳೆ ಕಣೇ’ ಅಂದರು ಅತ್ತೆ, ಮಡಿಸಿದ ಬೆರಳುಗಳ ಪಕ್ಕಕ್ಕೆ ಇನ್ನೆರಡು ಬೆರಳು ಮಡಿಸಿ.